ನೇಲ್ ಟೆಕ್ನಿಷಿಯನ್ ತರಬೇತಿ: ಶುಲ್ಕ ಬೇರೆ, ವೆಚ್ಚ ಬೇರೆ

ಸ್ವಯಂ ಉದ್ಯೋಗಕ್ಕೆ ನೆರವು ಕೋರಿ ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ ಬರುವ ಯುವತಿಯರು ಹೊಲಿಗೆ ಮತ್ತು ಕಂಪ್ಯೂಟರ್ ತರಬೇತಿಗಳ ಜೊತೆಗೆ ಈಗ ಬ್ಯೂಟಿಷಿಯನ್ ಹಾಗೂ ನೇಲ್ ಟೆಕ್ನಿಷಿಯನ್ ತರಬೇತಿಯ ಬಗ್ಗೆಯೂ ವಿಚಾರಿಸುತ್ತಿದ್ದಾರೆ. ನಗರದ ಖಾಸಗಿ ಅಕಾಡೆಮಿಗಳ ಜಾಹೀರಾತು ಮೊಬೈಲ್ ಮೂಲಕ ಪ್ರತಿ ಮನೆಯನ್ನೂ ತಲುಪುತ್ತಿದೆ. ಅದರಲ್ಲಿ ಕಾಣುವುದು ಒಂದೇ ಮೊತ್ತ, ಅಂದರೆ ಕೋರ್ಸಿನ ಶುಲ್ಕ. ಆ ಮೊತ್ತವನ್ನೇ ಪೂರ್ಣ ವೆಚ್ಚವೆಂದು ನಂಬಿ ಒಡವೆ ಅಡವಿಟ್ಟ ಅಥವಾ ಸಂಘದ ಸಾಲ ಎತ್ತಿದ ಕುಟುಂಬವು ತರಬೇತಿಯ ನಡುವೆಯೇ ಹಣವಿಲ್ಲದೆ ನಿಂತುಹೋದರೆ, ಆಗ ಯುವತಿಯ ಕೈಯಲ್ಲಿ ಕಸುಬೂ ಇರುವುದಿಲ್ಲ, ಮನೆಯಲ್ಲಿ ಒಡವೆಯೂ ಇರುವುದಿಲ್ಲ. ಶುಲ್ಕ ಮತ್ತು ವೆಚ್ಚದ ನಡುವಣ ಈ ಅಂತರವನ್ನೂ, ಶುಲ್ಕವಿಲ್ಲದೆ ಕಲಿಯಲು ಇರುವ ದಾರಿಗಳನ್ನೂ ಸದಸ್ಯರು ತಿಳಿದಿದ್ದರೆ ಸಾಲ ಮಾಡುವ ಮುನ್ನವೇ ಕುಟುಂಬಕ್ಕೆ ಸರಿಯಾದ ಸಲಹೆ ನೀಡಬಹುದು. ಈ ಲೇಖನದ ಉದ್ದೇಶವು ಅದೇ ಆಗಿದೆ.

ವೃತ್ತಿಯ ಸ್ವರೂಪ

ನೇಲ್ ಟೆಕ್ನಿಷಿಯನ್ ಎಂದರೆ ಕೈಕಾಲುಗಳ ಉಗುರಿನ ಆರೈಕೆ ಮತ್ತು ಅಲಂಕಾರ ಮಾಡುವವರು. ಉಗುರು ಕತ್ತರಿಸಿ ಆಕಾರ ನೀಡುವುದು, ಮ್ಯಾನಿಕ್ಯೂರ್ ಮತ್ತು ಪೆಡಿಕ್ಯೂರ್ ಮಾಡುವುದು ಮೊದಲ ಹಂತ. ಜೆಲ್ ಪಾಲಿಶ್ ಹಚ್ಚಿ ಯುವಿ ಅಥವಾ ಎಲ್ಇಡಿ ದೀಪದ ಕೆಳಗೆ ಗಟ್ಟಿಗೊಳಿಸುವುದು ಎರಡನೆಯ ಹಂತ. ಎಕ್ಸ್‌ಟೆನ್ಷನ್ ಎಂದು ಕರೆಯುವ ಕೃತಕ ಉಗುರಿನ ಜೋಡಣೆ, ಅದರ ಮೇಲಿನ ಚಿತ್ತಾರ ಹಾಗೂ ಸಹಜ ಉಗುರಿಗೆ ಹಾನಿಯಾಗದಂತೆ ಅದನ್ನು ತೆಗೆಯುವ ವಿಧಾನ ಮೂರನೆಯ ಹಂತ. ಮೊದಲ ಹಂತವನ್ನು ಸಾಮಾನ್ಯ ಬ್ಯೂಟಿ ಪಾರ್ಲರ್ ತರಬೇತಿಯಲ್ಲಿಯೇ ಕಲಿಸಲಾಗುತ್ತದೆ. ಖಾಸಗಿ ಅಕಾಡೆಮಿಗಳು ಪ್ರತ್ಯೇಕ ಶುಲ್ಕ ಪಡೆಯುವುದು ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ಹಂತಗಳಿಗೆ.

ಇದು ಕೈಚಳಕದ ಕೆಲಸವಾದಂತೆಯೇ ರಾಸಾಯನಿಕಗಳೊಂದಿಗಿನ ಕೆಲಸವೂ ಹೌದು. ಕೃತಕ ಉಗುರು ಉಜ್ಜುವಾಗ ಏಳುವ ದೂಳು ಉಸಿರಾಟಕ್ಕೆ ಹಾನಿಕರ. ತೆಗೆಯಲು ಬಳಸುವ ಅಸಿಟೋನ್ ಸುಲಭವಾಗಿ ಬೆಂಕಿ ಹಿಡಿಯುವ ದ್ರವ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ಪದೇಪದೇ ತಾಗಿದರೆ ಅಲರ್ಜಿ ಉಂಟಾಗಬಹುದು, ಮತ್ತು ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಹೋಗುವುದಿಲ್ಲ. ಒಬ್ಬರಿಗೆ ಬಳಸಿದ ಉಪಕರಣವನ್ನು ಶುದ್ಧೀಕರಿಸದೆ ಇನ್ನೊಬ್ಬರಿಗೆ ಬಳಸಿದರೆ ಸೋಂಕು ಹರಡುತ್ತದೆ. ಆದುದರಿಂದ ಗಾಳಿ ಬೆಳಕಿನ ವ್ಯವಸ್ಥೆ, ಮಾಸ್ಕ್, ಕೈಗವಸು ಮತ್ತು ಉಪಕರಣ ಶುದ್ಧೀಕರಣವನ್ನು ಕಲಿಸದ ತರಬೇತಿಯು ಎಷ್ಟೇ ಅಗ್ಗವಾಗಿದ್ದರೂ ಕಲಿತವರಿಗೆ ದುಬಾರಿಯಾಗುತ್ತದೆ.

ಪ್ರಮಾಣಪತ್ರದ ಬೆಲೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹಣ ಪಡೆದು ಉಗುರಿನ ಸೇವೆ ನೀಡಬೇಕಾದರೆ 400 ಗಂಟೆಗಳ ತರಬೇತಿ ಮುಗಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆಯಬೇಕು. ನಮ್ಮಲ್ಲಿ ಇಂತಹ ವೈಯಕ್ತಿಕ ವೃತ್ತಿ ಪರವಾನಗಿಯ ಕಡ್ಡಾಯವಿಲ್ಲ. ಅಂಗಡಿ ತೆರೆಯುವವರು ಸ್ಥಳೀಯ ಸಂಸ್ಥೆಯಿಂದ ವ್ಯಾಪಾರ ಪರವಾನಗಿ ಪಡೆಯಬೇಕೇ ಹೊರತು ಕೋರ್ಸಿನ ಪ್ರಮಾಣಪತ್ರ ತೋರಿಸಬೇಕೆಂಬ ನಿಯಮವಿಲ್ಲ. ಇದರ ಪರಿಣಾಮ ಎರಡು. ಕಡಿಮೆ ಹಣದಲ್ಲಿ ಕಲಿತವರೂ ಕೆಲಸ ಆರಂಭಿಸಬಹುದು ಎಂಬುದು ಅನುಕೂಲ. ಯಾರು ಬೇಕಾದರೂ ಅಕಾಡೆಮಿ ತೆರೆದು ತಮ್ಮದೇ ಪ್ರಮಾಣಪತ್ರ ಮುದ್ರಿಸಿ ಕೊಡಬಹುದು ಎಂಬುದು ಅಪಾಯ.

ಅಧಿಕೃತ ಪ್ರಮಾಣಪತ್ರಗಳು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಒಳಪಟ್ಟಿರುತ್ತವೆ. ವೃತ್ತಿ ಶಿಕ್ಷಣ ಹಾಗೂ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿವಿಇಟಿಯಿಂದ ಮಾನ್ಯತೆ ಪಡೆದ ಸಂಸ್ಥೆಗಳು ಮಾತ್ರ ಇವುಗಳನ್ನು ನೀಡಬಲ್ಲವು. ಸೌಂದರ್ಯ ಕ್ಷೇತ್ರದಲ್ಲಿ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಈ ಕೆಲಸ ಮಾಡುತ್ತದೆ. ಅದು ಗುರುತಿಸಿರುವ ಉದ್ಯೋಗಗಳಲ್ಲಿ ನೇಲ್ ಟೆಕ್ನಿಷಿಯನ್ ಸಹ ಒಂದು. ಕೆಲವು ಅಕಾಡೆಮಿಗಳು ಉದ್ಯಮ್ ನೋಂದಣಿ, ಐಎಸ್ಒ ಪ್ರಮಾಣಪತ್ರ ಅಥವಾ ಟ್ರಸ್ಟ್ ನೋಂದಣಿ ಸಂಖ್ಯೆಯನ್ನು ತೋರಿಸಿ "ಸರ್ಕಾರಿ ಮಾನ್ಯತೆ" ಎಂದು ಹೇಳಿಕೊಳ್ಳುವುದುಂಟು. ಇವು ಆ ಸಂಸ್ಥೆಯ ನೋಂದಣಿ ಅಥವಾ ಆಡಳಿತಕ್ಕೆ ಸಂಬಂಧಿಸಿದ ದಾಖಲೆಗಳೇ ಹೊರತು ಕೋರ್ಸಿಗೆ ದೊರೆತ ಮಾನ್ಯತೆಯಲ್ಲ. ಈ ವ್ಯತ್ಯಾಸವನ್ನು ಪೋಷಕರಿಗೆ ತಿಳಿಸಿ ಹೇಳುವುದು ಅತ್ಯವಶ್ಯ.

ವೆಚ್ಚದ ಬಾಬ್ತುಗಳು

ತರಬೇತಿಯ ಪೂರ್ಣ ವೆಚ್ಚವನ್ನು ಏಳು ಬಾಬ್ತುಗಳಾಗಿ ಬಿಡಿಸಿ ನೋಡಬೇಕು.

1. ಶುಲ್ಕ ಮತ್ತು ತೆರಿಗೆ: ಖಾಸಗಿ ತರಬೇತಿಯ ಶುಲ್ಕದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇರುತ್ತದೆ. ಜಾಹೀರಾತಿನ ಮೊತ್ತದಲ್ಲಿ ಇದು ಸೇರಿದೆಯೇ ಎಂದು ಕೇಳಬೇಕು. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಸಂಸ್ಥೆಯು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ.

2. ಅಭ್ಯಾಸದ ಸಾಮಗ್ರಿ: ಜೆಲ್, ಅಕ್ರಿಲಿಕ್ ಪುಡಿ ಮತ್ತು ದ್ರವ, ಕೃತಕ ಉಗುರು, ಅರ, ಬ್ರಷ್, ಅಭ್ಯಾಸಕ್ಕೆ ಬಳಸುವ ಕೃತಕ ಕೈ ಮೊದಲಾದವು. ಇವನ್ನು ಕಿಟ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಮಾರುವುದೇ ಹೆಚ್ಚು. ಕಿಟ್ ಮುಗಿದ ಮೇಲೆ ಮತ್ತೆ ಕೊಳ್ಳಬೇಕಾಗುತ್ತದೆ.

3. ಪರೀಕ್ಷೆ ಮತ್ತು ಪ್ರಮಾಣಪತ್ರ: ಹೊರಗಿನ ಮೌಲ್ಯಮಾಪನವಿದ್ದರೆ ಅದರ ಶುಲ್ಕ ಬೇರೆ ಇರಬಹುದು.

4. ವಸತಿ ಮತ್ತು ಊಟ: ಊರಿನಿಂದ ದಿನವೂ ಹೋಗಿ ಬರಲಾಗದಿದ್ದರೆ ಈ ಬಾಬ್ತು ಶುಲ್ಕದ ಸಮೀಪಕ್ಕೆ ಬರಬಹುದು.

5. ಪ್ರಯಾಣ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಬಸ್ಸಿನ ವೇಳೆ ಹೊಂದಿಕೆಯಾದರೆ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದ ತರಬೇತಿಗೆ ಹೋಗಿ ಬರುವುದರಿಂದ ನಾಲ್ಕನೆಯ ಬಾಬ್ತು ಪೂರ್ಣ ಉಳಿಯುತ್ತದೆ.

6. ಕೈಬಿಟ್ಟ ದುಡಿಮೆ: ತರಬೇತಿಯ ದಿನಗಳಲ್ಲಿ ಕೂಲಿಗೆ ಹೋಗದಿದ್ದರೆ ಆ ಆದಾಯ ನಷ್ಟ. ಇದಕ್ಕೆ ರಸೀದಿ ಇರುವುದಿಲ್ಲವಾದ ಕಾರಣ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

7. ಬಡ್ಡಿ: ಸಾಲ ಪಡೆದು ಕಲಿತರೆ ಬಡ್ಡಿಯೂ ಶಿಕ್ಷಣದ ವೆಚ್ಚವೇ.

ಒಂದು ಮಾದರಿ ಲೆಕ್ಕ

ಈ ಕೆಳಗಿನ ಮೊತ್ತಗಳು ಯಾವುದೇ ನಿರ್ದಿಷ್ಟ ಸಂಸ್ಥೆಯವಲ್ಲ. ಲೆಕ್ಕದ ವಿಧಾನ ತಿಳಿಸಲು ಊಹಿಸಿಕೊಂಡವು. ಕುಟುಂಬದವರು ತಮಗೆ ಹೇಳಲಾದ ನಿಜವಾದ ಮೊತ್ತಗಳನ್ನು ಇವುಗಳ ಜಾಗದಲ್ಲಿ ಇಟ್ಟು ನೋಡಬೇಕು. ಕೂಲಿಯ ದರವನ್ನು ಮಾತ್ರ 2025-26ನೇ ಸಾಲಿಗೆ ರಾಜ್ಯಕ್ಕೆ ನಿಗದಿಯಾದ ನರೇಗಾ ದರದಂತೆ ದಿನಕ್ಕೆ 370 ರೂ. ಎಂದು ಹಿಡಿಯಲಾಗಿದೆ.

ನಗರದ ಅಕಾಡೆಮಿಯೊಂದರ ಎರಡು ತಿಂಗಳ ಕೋರ್ಸಿಗೆ ಜಾಹೀರಾತಿನ ಶುಲ್ಕ 40,000 ರೂ. ಎಂದಿರಲಿ.

ಶುಲ್ಕ: 40,000 ರೂ.
ಜಿಎಸ್‌ಟಿ ಶೇ. 18: 7,200 ರೂ.
ಕಿಟ್ ಮತ್ತು ಸಾಮಗ್ರಿ: 12,000 ರೂ.
ವಸತಿ, ಊಟ, ತಿಂಗಳಿಗೆ 6,000 ರೂ.ನಂತೆ: 12,000 ರೂ.
ಪ್ರಯಾಣ: ಶಕ್ತಿ ಯೋಜನೆಯಡಿ ಇಲ್ಲ
ಕೈಯಿಂದ ಖರ್ಚಾಗುವ ಮೊತ್ತ: 71,200 ರೂ.
ಕೈಬಿಟ್ಟ ಕೂಲಿ, 50 ದಿನ: 18,500 ರೂ.
ಒಟ್ಟು: 89,700 ರೂ.

ಇದರಲ್ಲಿ 60,000 ರೂ.ಗಳನ್ನು ವಾರ್ಷಿಕ ಶೇ. 24ರ ಬಡ್ಡಿಗೆ, ಉಳಿದಿರುವ ಅಸಲಿನ ಮೇಲೆ ಮಾತ್ರ ಬಡ್ಡಿ ಲೆಕ್ಕವಾಗುವ ಕ್ರಮದಲ್ಲಿ, 24 ಕಂತುಗಳಿಗೆ ಪಡೆದರೆ ತಿಂಗಳ ಕಂತು ಸುಮಾರು 3,172 ರೂ. ಆಗುತ್ತದೆ. ಬಡ್ಡಿಯೇ ಸುಮಾರು 16,100 ರೂ. ಅದನ್ನೂ ಸೇರಿಸಿದರೆ ಪೂರ್ಣ ವೆಚ್ಚ 1,05,800 ರೂ. ಸಮೀಪಕ್ಕೆ ಬರುತ್ತದೆ. ಜಾಹೀರಾತಿನಲ್ಲಿ ಕಂಡ 40,000 ರೂ.ಗೆ ಇದು ಎರಡೂವರೆ ಪಟ್ಟಿಗಿಂತ ಹೆಚ್ಚು. ಇಷ್ಟಾದರೂ ಅಂಗಡಿ ತೆರೆಯುವ ಬಂಡವಾಳ ಇನ್ನೂ ಸೇರಿಲ್ಲ.

ಸಾಲದ ಕಂತು ಸಾಮಾನ್ಯವಾಗಿ ಮುಂದಿನ ತಿಂಗಳಿನಿಂದಲೇ ಆರಂಭವಾಗುತ್ತದೆ. ಕಲಿಯುವ ಎರಡು ತಿಂಗಳು, ಕೈ ಕುದುರುವ ಮೂರು ನಾಲ್ಕು ತಿಂಗಳು ಕಳೆಯುವವರೆಗೆ ಈ 3,172 ರೂ.ಗಳನ್ನು ಮನೆಯ ಬೇರೆ ಆದಾಯದಿಂದಲೇ ತುಂಬಬೇಕು. ತರಬೇತಿ ಅರ್ಧಕ್ಕೆ ನಿಲ್ಲುವ ಅಪಾಯ ಹೆಚ್ಚಿರುವುದು ಈ ಅವಧಿಯಲ್ಲಿಯೇ.

ಶುಲ್ಕವಿಲ್ಲದ ದಾರಿಗಳು

ಖಾಸಗಿ ಅಕಾಡೆಮಿಗೆ ಹಣ ಕಟ್ಟುವ ಮುನ್ನ ಈ ಕೆಳಗಿನ ದಾರಿಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

ರುಡ್‌ಸೆಟ್ ಮತ್ತು ಆರ್‌ಸೆಟಿ: 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ದೇಶದಾದ್ಯಂತ ವಿಸ್ತರಿಸಿತು. ಅವೇ ಇಂದಿನ ಆರ್‌ಸೆಟಿಗಳು. ಬ್ಯಾಂಕುಗಳು ಇವನ್ನು ಜಿಲ್ಲಾ ಮಟ್ಟದಲ್ಲಿ ನಡೆಸುತ್ತವೆ. 18 ವರ್ಷ ತುಂಬಿದ ಗ್ರಾಮೀಣ ನಿರುದ್ಯೋಗಿಗಳಿಗೆ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಮಹಿಳೆಯರ ಬ್ಯೂಟಿ ಪಾರ್ಲರ್ ನಿರ್ವಹಣೆಯ ತರಬೇತಿ ಸುಮಾರು ಒಂದು ತಿಂಗಳ ಅವಧಿಯದು. ಕೌಶಲದ ಜೊತೆಗೆ ಲೆಕ್ಕ ಬರೆಯುವುದು, ದರ ನಿಗದಿ, ಬ್ಯಾಂಕ್ ವ್ಯವಹಾರವನ್ನೂ ಕಲಿಸಲಾಗುತ್ತದೆ. ತರಬೇತಿಯ ನಂತರ ಎರಡು ವರ್ಷಗಳವರೆಗೆ ಸಂಸ್ಥೆಯು ಸಂಪರ್ಕದಲ್ಲಿದ್ದು ಸಾಲ ಪಡೆಯಲು ಮಾರ್ಗದರ್ಶನ ನೀಡುತ್ತದೆ. ಈ ದಾರಿಯಲ್ಲಿ ಕುಟುಂಬದ ಮುಖ್ಯ ವೆಚ್ಚ ಕೈಬಿಟ್ಟ ಕೂಲಿ ಮಾತ್ರ. 26 ದಿನಗಳಿಗೆ ಮೇಲಿನ ದರದಲ್ಲಿ ಅದು 9,620 ರೂ. ಆಗುತ್ತದೆ.

ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ: 2014ರ ಸೆಪ್ಟೆಂಬರ್ 25ರಂದು ಆರಂಭವಾದ ಈ ಯೋಜನೆ ಗ್ರಾಮೀಣ ಬಡ ಕುಟುಂಬಗಳ 15ರಿಂದ 35 ವರ್ಷದವರಿಗೆ ಮೀಸಲು. ಮಹಿಳೆಯರಿಗೆ ವಯೋಮಿತಿ 45 ವರ್ಷ. ತರಬೇತಿ ಪಡೆದವರಲ್ಲಿ ಕನಿಷ್ಠ ಶೇ. 70ರಷ್ಟು ಮಂದಿಗೆ ಉದ್ಯೋಗ ಒದಗಿಸುವುದು ತರಬೇತಿ ಸಂಸ್ಥೆಯ ಹೊಣೆ. ಸಂಬಳದ ಕೆಲಸ ಬಯಸುವವರಿಗೆ ಇದು ಸೂಕ್ತ.

ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಮತ್ತು ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ: ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಆರಂಭವಾದವು. ಇವೆರಡರಲ್ಲಿಯೂ ಅಲ್ಪಾವಧಿ ತರಬೇತಿ ಉಚಿತ. ರಾಜ್ಯದ ಯೋಜನೆಗೆ ಕೌಶಲ್ಕರ್ ಜಾಲತಾಣದಲ್ಲಿ ನೋಂದಾಯಿಸಬೇಕು. ಈಗಾಗಲೇ ಪಾರ್ಲರ್‌ನಲ್ಲಿ ದುಡಿಯುತ್ತ ಕಲಿತಿದ್ದು ಪ್ರಮಾಣಪತ್ರವಿಲ್ಲದವರಿಗೆ, ಅವರ ಕೌಶಲವನ್ನೇ ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಪೂರ್ವ ಕಲಿಕೆಯ ಮಾನ್ಯತೆ ಎಂಬ ಅವಕಾಶ ಕೇಂದ್ರದ ಯೋಜನೆಯಲ್ಲಿದೆ.

ಜನ ಶಿಕ್ಷಣ ಸಂಸ್ಥಾನ: ಓದು ಬರಹ ಬಾರದವರು ಮತ್ತು ಶಾಲೆ ಬಿಟ್ಟವರಿಗೆ, 15ರಿಂದ 45 ವರ್ಷದವರಿಗೆ, ಇದು ಅನುಕೂಲಕರ. ಸಂಸ್ಥಾನವಿರುವ ಜಿಲ್ಲೆಗಳಲ್ಲಿ ತರಬೇತಿಯನ್ನು ಫಲಾನುಭವಿಗಳ ಊರಿನ ಸಮೀಪದಲ್ಲಿಯೇ ನಡೆಸಲು ಅವಕಾಶವಿದೆ.

ಐಟಿಐ: ಕಾಸ್ಮೆಟಾಲಜಿ ಎಂಬ ಒಂದು ವರ್ಷದ ವೃತ್ತಿ ವಿಭಾಗವು ಇರುವ ಐಟಿಐಗಳಲ್ಲಿ ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರು ಸೇರಬಹುದು. ಸರ್ಕಾರಿ ಐಟಿಐನ ಶುಲ್ಕ ಖಾಸಗಿ ಅಕಾಡೆಮಿಗೆ ಹೋಲಿಸಿದರೆ ಅತ್ಯಲ್ಪ. ಅವಧಿ ದೀರ್ಘವಾದರೂ ಇಲ್ಲಿ ದೊರೆಯುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯ.

ಈ ಉಚಿತ ತರಬೇತಿಗಳಲ್ಲಿ ಹೆಚ್ಚಿನವು ಸೌಂದರ್ಯ ಸೇವೆಯ ಸಾಮಾನ್ಯ ತರಬೇತಿಗಳು. ಕೃತಕ ಉಗುರು ಜೋಡಣೆಯ ಮೂರನೆಯ ಹಂತದವರೆಗೆ ಒಯ್ಯುವಂಥವು ಕಡಿಮೆ. ಆದರೂ ಮೊದಲು ಇಲ್ಲಿ ಕಲಿತು, ಕೈಗೆ ಸ್ವಲ್ಪ ಆದಾಯ ಬಂದ ಮೇಲೆ ಮೇಲಿನ ಹಂತವನ್ನಷ್ಟೇ ಖಾಸಗಿಯಾಗಿ ಕಲಿತರೆ ಆಗುವ ವೆಚ್ಚವು ಆರಂಭದಿಂದಲೇ ಪೂರ್ಣ ಕೋರ್ಸಿಗೆ ಸೇರುವುದಕ್ಕಿಂತ ಬಹಳ ಕಡಿಮೆಯಾಗುತ್ತದೆ. ಅಲ್ಲದೆ ಈ ಕೆಲಸ ತನಗೆ ಒಗ್ಗುವುದೇ ಎಂಬುದು ಯುವತಿಗೆ ಸಾಲವಿಲ್ಲದೆಯೇ ತಿಳಿಯುತ್ತದೆ.

ಊರಿನಲ್ಲಿ ನಿಲ್ಲುವವರು, ನಗರಕ್ಕೆ ಹೋಗುವವರು

ಯುವತಿಯು ತರಬೇತಿಯ ನಂತರ ಎಲ್ಲಿ ಕೆಲಸ ಮಾಡುವಳು ಎಂಬುದನ್ನು ಮೊದಲೇ ಕೇಳಬೇಕು. ಗ್ರಾಮ ಹಾಗೂ ಹೋಬಳಿ ಮಟ್ಟದಲ್ಲಿ ಹುಬ್ಬು ತಿದ್ದುವುದು, ಫೇಶಿಯಲ್, ಮೆಹಂದಿ ಮತ್ತು ಮದುವಣಗಿತ್ತಿಯ ಅಲಂಕಾರಕ್ಕೆ ಬೇಡಿಕೆ ಇದೆ. ಅದೂ ಮದುವೆಯ ತಿಂಗಳುಗಳಲ್ಲಿ ಹೆಚ್ಚಿ ಆಷಾಢದಲ್ಲಿ ತಗ್ಗುತ್ತದೆ. ಹೊಲ ಮನೆಯ ಕೆಲಸ ಮಾಡುವ ಕೈಗಳಿಗೆ ಕೃತಕ ಉಗುರು ಹೊಂದುವುದಿಲ್ಲವಾದ್ದರಿಂದ ಕೇವಲ ಉಗುರಿನ ಸೇವೆಯಿಂದ ಹಳ್ಳಿಯಲ್ಲಿ ಜೀವನ ನಡೆಸುವುದು ಕಷ್ಟ. ಊರಿನಲ್ಲಿಯೇ ನಿಲ್ಲುವವರು ಸಾಮಾನ್ಯ ಬ್ಯೂಟಿಷಿಯನ್ ತರಬೇತಿ ಪಡೆದು ಉಗುರಿನ ಅಲಂಕಾರವನ್ನು ಅದರೊಡನೆ ಸೇರಿಸಿಕೊಳ್ಳುವುದು ಕ್ಷೇಮ.

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂತಹ ನಗರಗಳಿಗೆ ಹೋಗಲು ಸಿದ್ಧರಿರುವವರಿಗೆ ಉಗುರಿನ ವಿಶೇಷ ತರಬೇತಿ ಉಪಯುಕ್ತ. ಆದರೆ ಅಲ್ಲಿಯ ಆರಂಭದ ಸಂಬಳದಲ್ಲಿ ಕೊಠಡಿ ಬಾಡಿಗೆ ಮತ್ತು ಊಟ ಕಳೆದು ಉಳಿಯುವುದೆಷ್ಟು ಎಂಬ ಲೆಕ್ಕ ಬೇಕು. ಸೂತ್ರ ಸರಳ. ತರಬೇತಿಯ ಪೂರ್ಣ ವೆಚ್ಚವನ್ನು ತಿಂಗಳಿಗೆ ಉಳಿಯುವ ಮೊತ್ತದಿಂದ ಭಾಗಿಸಿದರೆ ಹಾಕಿದ ಹಣ ಮರಳಲು ಬೇಕಾದ ತಿಂಗಳುಗಳು ದೊರೆಯುತ್ತವೆ. 1,05,800 ರೂ. ವೆಚ್ಚವಾಗಿ ತಿಂಗಳಿಗೆ 4,000 ರೂ. ಉಳಿದರೆ 26 ತಿಂಗಳಿಗೂ ಮೇಲಾಗುತ್ತದೆ. ವೆಚ್ಚ 9,620 ರೂ. ಆಗಿ, ಊರಿನಲ್ಲಿಯೇ ತಿಂಗಳಿಗೆ 2,000 ರೂ. ಮಾತ್ರ ಉಳಿದರೂ ಐದು ತಿಂಗಳಲ್ಲಿ ತೀರುತ್ತದೆ.

ಇನ್ನೊಂದು ಅಡ್ಡಿಯನ್ನೂ ಗಮನಿಸಬೇಕು. ಪರರ ಕಾಲು ಮುಟ್ಟಿ ಮಾಡುವ ಕೆಲಸ ತಮಗೆ ತಕ್ಕುದಲ್ಲವೆಂಬ ಜಾತಿಯ ಸಂಕೋಚ ಕೆಲವು ಮನೆಗಳಲ್ಲಿದೆ. ಹೆಣ್ಣುಮಗಳನ್ನು ವಸತಿ ತರಬೇತಿಗೆ ಕಳುಹಿಸಲು ಹಿಂಜರಿಕೆ ಹಲವು ಮನೆಗಳಲ್ಲಿದೆ. ಮಹಿಳಾ ಸದಸ್ಯರು ಪೋಷಕರನ್ನು ಒಮ್ಮೆ ತರಬೇತಿ ಕೇಂದ್ರಕ್ಕೆ ಕರೆದೊಯ್ದು ವಸತಿ ವ್ಯವಸ್ಥೆ ತೋರಿಸಿದರೆ ಈ ಹಿಂಜರಿಕೆ ಎಷ್ಟೋ ಕಡಿಮೆಯಾಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದರೂ ಜೊತೆಯಲ್ಲಿ ಬರುವ ಕಸುಬು ಇದೆಂಬುದನ್ನೂ ಮನಗಾಣಿಸಬಹುದು.

ಸಾಲ ಅನಿವಾರ್ಯವಾದಾಗ

ತರಬೇತಿಯ ಸಾಲ ಮತ್ತು ಉದ್ಯಮದ ಸಾಲ ಬೇರೆ ಬೇರೆ. ತರಬೇತಿಗೆ ಬ್ಯಾಂಕುಗಳ ಮಾದರಿ ಕೌಶಲ ಸಾಲ ಯೋಜನೆ ಇದೆ. ಮೊದಲು 1.5 ಲಕ್ಷ ರೂ. ಇದ್ದ ಇದರ ಮಿತಿಯನ್ನು 2024ರಲ್ಲಿ 7.5 ಲಕ್ಷ ರೂ.ಗೆ ಏರಿಸಲಾಗಿದೆ. ಇದು ಯೋಜನೆಯ ಷರತ್ತಿಗೆ ಒಳಪಟ್ಟ ಕೋರ್ಸುಗಳಿಗೆ ಮಾತ್ರ ಅನ್ವಯ. ಹೀಗಾಗಿ ಬ್ಯಾಂಕ್ ಶಾಖೆಯಲ್ಲಿ ಒಮ್ಮೆ ವಿಚಾರಿಸುವುದು ಕೋರ್ಸಿನ ಮಾನ್ಯತೆಯನ್ನು ಪರೀಕ್ಷಿಸುವ ಸುಲಭ ಉಪಾಯವೂ ಹೌದು. ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದ ಮೂಲಕ ಸ್ವಸಹಾಯ ಸಂಘದ ಸದಸ್ಯೆಯರು ಪಡೆಯುವ ಸಾಲವೂ ಖಾಸಗಿ ಸಾಲಕ್ಕಿಂತ ಹಗುರ.

ಅಂಗಡಿ ತೆರೆಯಲು ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂ.ವರೆಗೆ ಜಾಮೀನಿಲ್ಲದ ಸಾಲವಿದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷ ರೂ.ವರೆಗಿನ ಸಾಲಕ್ಕೆ ಪರಿಶಿಷ್ಟ ಜಾತಿ ಮತ್ತು ಪಂಗಡದ ಮಹಿಳೆಯರಿಗೆ ಶೇ. 50, ಇತರರಿಗೆ ಶೇ. 30ರಷ್ಟು ಸಹಾಯಧನವಿದೆ, ಇದಕ್ಕೆ ಆದಾಯ ಮಿತಿ ಅನ್ವಯಿಸುತ್ತದೆ. ದೊಡ್ಡ ಪಾರ್ಲರ್ ತೆರೆಯುವವರಿಗೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ ಗ್ರಾಮೀಣ ಮಹಿಳೆಯರಿಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ ದೊರೆಯುತ್ತದೆ. ಸ್ವಂತ ವಂತಿಕೆ ಶೇ. 5.

ಕೆಲವು ಅಕಾಡೆಮಿಗಳು ಶುಲ್ಕವನ್ನು ಸುಲಭ ಕಂತಿನಲ್ಲಿ ಕಟ್ಟಬಹುದೆಂದು ಹೇಳಿ ಹಣಕಾಸು ಕಂಪನಿಯ ಪತ್ರಕ್ಕೆ ಸಹಿ ಪಡೆಯುತ್ತವೆ. ಅದು ಅಕಾಡೆಮಿ ನೀಡಿದ ರಿಯಾಯಿತಿಯಲ್ಲ, ವಿದ್ಯಾರ್ಥಿನಿ ಅಥವಾ ಪೋಷಕರ ಹೆಸರಿನ ಸಾಲ. ಶುಲ್ಕ ಪೂರ್ಣವಾಗಿ ಅಕಾಡೆಮಿಗೆ ಸಂದಾಯವಾಗಿಬಿಡುತ್ತದೆ. ತರಬೇತಿ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಮೈಕ್ರೋಫೈನಾನ್ಸ್ ಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯವು 2025ರಲ್ಲಿ ಕಾನೂನು ತಂದಿದೆ. ಅದು ಕಿರುಕುಳದಿಂದ ರಕ್ಷಣೆ ನೀಡುತ್ತದೆಯೇ ಹೊರತು ನಿಯಮಬದ್ಧ ಸಂಸ್ಥೆಯಿಂದ ಪಡೆದ ಸಾಲವನ್ನು ಮನ್ನಾ ಮಾಡುವುದಿಲ್ಲ ಎಂಬುದನ್ನು ಕುಟುಂಬಗಳಿಗೆ ಸ್ಪಷ್ಟಪಡಿಸಬೇಕು.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ತೆರಿಗೆ, ಕಿಟ್, ಪರೀಕ್ಷೆ ಎಲ್ಲವೂ ಸೇರಿ ಒಟ್ಟು ಎಷ್ಟು? ಇದನ್ನು ಬರಹದಲ್ಲಿ ಕೊಡುವರೇ?
2. ಪ್ರಮಾಣಪತ್ರ ನೀಡುವ ಸಂಸ್ಥೆ ಯಾವುದು? ಎನ್‌ಸಿವಿಇಟಿ ಮಾನ್ಯತೆ ಇದೆಯೇ?
3. ಒಟ್ಟು ಎಷ್ಟು ಗಂಟೆಗಳ ತರಬೇತಿ? ಅದರಲ್ಲಿ ಜೀವಂತ ಕೈಗಳ ಮೇಲೆ ಮಾಡುವ ಅಭ್ಯಾಸ ಎಷ್ಟು ಗಂಟೆ?
4. ಒಬ್ಬ ಬೋಧಕರಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು?
5. ಉಪಕರಣ ಶುದ್ಧೀಕರಣ ಮತ್ತು ರಾಸಾಯನಿಕ ಸುರಕ್ಷತೆಯ ಪಾಠವಿದೆಯೇ?
6. ನಡುವೆ ಬಿಡಬೇಕಾಗಿ ಬಂದರೆ ಎಷ್ಟು ಹಣ ಮರಳುತ್ತದೆ?
7. ಉದ್ಯೋಗ ಖಾತರಿ ಎಂದರೆ ಏನು? ಹಿಂದಿನ ತಂಡದವರು ಎಲ್ಲಿ ದುಡಿಯುತ್ತಿದ್ದಾರೆ? ಅವರಲ್ಲಿ ಇಬ್ಬರೊಡನೆ ಮಾತನಾಡಬಹುದೇ?

ಯಾವ ಸಂದರ್ಭದಲ್ಲಿಯೂ ಮೂಲ ಅಂಕಪಟ್ಟಿಯನ್ನಾಗಲಿ ಸಹಿ ಮಾಡಿದ ಖಾಲಿ ಚೆಕ್ಕನ್ನಾಗಲಿ ಒಪ್ಪಿಸಬಾರದು. ಪ್ರತಿ ಪಾವತಿಗೂ ರಸೀದಿ ಪಡೆಯಬೇಕು. ಹೇಳಿದಂತೆ ತರಬೇತಿ ನೀಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸಲು, ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದರೆ, ಶುಲ್ಕವಿಲ್ಲ. ರಸೀದಿ ಇಲ್ಲದಿದ್ದರೆ ದೂರು ಸಾಬೀತುಪಡಿಸುವುದು ಬಹಳ ಕಷ್ಟ.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಇವುಗಳಲ್ಲಿ ಹೆಚ್ಚಿನವಕ್ಕೆ ಅನುದಾನದ ಅಗತ್ಯವಿಲ್ಲ.

ವಾರ್ಡ್ ಸಭೆಯಲ್ಲಿ ತರಬೇತಿ ಬಯಸುವ ಯುವತಿಯರ ಹೆಸರು, ವಯಸ್ಸು, ವಿದ್ಯಾರ್ಹತೆ, ಊರಿನಲ್ಲಿ ನಿಲ್ಲುವ ಅಥವಾ ಹೊರಗೆ ಹೋಗುವ ಇಚ್ಛೆಯನ್ನು ಪಟ್ಟಿ ಮಾಡಬೇಕು. ಗ್ರಾಮ ಸಭೆಯಲ್ಲಿ ಆ ಪಟ್ಟಿಯನ್ನು ಮಂಡಿಸಿ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಕೌಶಲ ತರಬೇತಿಯ ಬೇಡಿಕೆಯಾಗಿ ಸೇರಿಸಬೇಕು. ಒಬ್ಬೊಬ್ಬರಾಗಿ ಹೋಗಿ ಕೇಳುವುದಕ್ಕಿಂತ ಇಪ್ಪತ್ತೈದು ಹೆಸರುಗಳ ಪಟ್ಟಿಯೊಡನೆ ಆರ್‌ಸೆಟಿಗೆ ಪತ್ರ ಬರೆದರೆ ಒಂದು ತಂಡಕ್ಕೆ ಸಾಕಾಗುವಷ್ಟು ಬೇಡಿಕೆ ಇರುವುದು ಸಂಸ್ಥೆಗೂ ತಿಳಿಯುತ್ತದೆ.

ಆರ್‌ಸೆಟಿಯ ತರಬೇತಿ ವೇಳಾಪಟ್ಟಿಯನ್ನು ತರಿಸಿಕೊಂಡು ಪಂಚಾಯಿತಿ ಕಚೇರಿ, ಅರಿವು ಕೇಂದ್ರ, ಅಂಗನವಾಡಿ ಮತ್ತು ಹಾಲಿನ ಡೇರಿಯ ಫಲಕದಲ್ಲಿ ಹಾಕಿಸಬೇಕು. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಕೌಶಲ್ಕರ್ ನೋಂದಣಿಗೆ ನೆರವಾಗಬಹುದು. ಜನ ಶಿಕ್ಷಣ ಸಂಸ್ಥಾನದಂತಹ ಸಂಸ್ಥೆಗಳು ಸ್ಥಳ ಕೇಳಿದಾಗ, ನೀರು, ವಿದ್ಯುತ್, ಶೌಚಾಲಯವಿರುವ ಸಮುದಾಯ ಭವನವನ್ನು ಒದಗಿಸಿದರೆ ಹತ್ತಾರು ಮಂದಿಯ ವಸತಿ ವೆಚ್ಚ ಉಳಿಯುತ್ತದೆ. ಚಿಕ್ಕ ಮಕ್ಕಳಿರುವ ತಾಯಂದಿರೂ ಕಲಿಯಬಹುದು.

ಸಾಮಾಜಿಕ ನ್ಯಾಯ ಸಮಿತಿಯು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ವಿಕಲಚೇತನ ಅಭ್ಯರ್ಥಿಗಳ ಅರ್ಜಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಕುಳಿತು ಮಾಡುವ ಈ ಕೆಲಸ ನಡೆದಾಡಲು ತೊಂದರೆ ಇರುವವರಿಗೂ ಹೊಂದುತ್ತದೆ. ಇವರಿಗಾಗಿ ಮೀಸಲಿರಿಸಿದ ನಿಧಿಯಿಂದ ಮಾರ್ಗಸೂಚಿಗೆ ಒಳಪಟ್ಟು ನೀಡಬಹುದಾದ ನೆರವನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿ ನಿರ್ಣಯಿಸಬೇಕು.

ತರಬೇತಿ ಮುಗಿಸಿ ಬಂದವರಿಗೆ ವ್ಯಾಪಾರ ಪರವಾನಗಿಯನ್ನು ವಿಳಂಬವಿಲ್ಲದೆ ನೀಡಬೇಕು. ಸ್ವಂತವಾಗಿ ದುಡಿಯುವವರನ್ನು ಇ-ಶ್ರಮ್ ನೋಂದಣಿಗೆ ಪ್ರೇರೇಪಿಸಬೇಕು. ಆರು ತಿಂಗಳು ಮತ್ತು ಒಂದು ವರ್ಷದ ನಂತರ ಪ್ರತಿಯೊಬ್ಬರೂ ಎಲ್ಲಿದ್ದಾರೆ, ಎಷ್ಟು ಗಳಿಸುತ್ತಿದ್ದಾರೆ, ಸಾಲ ಎಷ್ಟು ಉಳಿದಿದೆ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಯಾವ ಸಂಸ್ಥೆಯ ತರಬೇತಿಯಿಂದ ಅನ್ನ ಹುಟ್ಟಿತು, ಯಾವುದರಿಂದ ಸಾಲ ಮಾತ್ರ ಉಳಿಯಿತು ಎಂಬುದಕ್ಕೆ ಮುಂದಿನ ವರ್ಷ ಸಲಹೆ ಕೇಳಿ ಬರುವ ಕುಟುಂಬಕ್ಕೆ ಆ ವಹಿಯನ್ನೇ ತೋರಿಸಬಹುದು.

ಮುಂದಿನ ವಾರ್ಡ್ ಸಭೆಗಳಲ್ಲಿ ಮೇಲಿನ ಮಾದರಿ ಲೆಕ್ಕವನ್ನೂ ಏಳು ಪ್ರಶ್ನೆಗಳನ್ನೂ ಓದಿ ತಿಳಿಸುವಂತೆ, ಖಾಸಗಿ ಕೋರ್ಸಿಗೆ ಮುಂಗಡ ಕಟ್ಟಲು ಸಿದ್ಧರಾಗಿರುವ ಕುಟುಂಬಗಳು ತಮ್ಮ ವಾರ್ಡಿನಲ್ಲಿದ್ದರೆ ಸಭೆಯವರೆಗೆ ಕಾಯದೆ ಅವರನ್ನು ಭೇಟಿ ಮಾಡುವಂತೆ ಸದಸ್ಯರನ್ನು ಕೋರಲಾಗಿದೆ.